ಕಬಿನಿ ಹಿನ್ನೀರು: ಅಡಿ, ಟಿಎಂಸಿ ಮತ್ತು ಹುಲ್ಲು

ಜೂನ್ ಬಂತೆಂದರೆ ಎಚ್.ಡಿ. ಕೋಟೆಯವರ ಕಣ್ಣೆಲ್ಲ ವಯನಾಡಿನ ಮೇಲೆ. ಅಲ್ಲಿ ಮಳೆ ಹಿಡಿದರೆ ಇಲ್ಲಿ ಕಬಿನಿ ತುಂಬುತ್ತದೆ. 2284 ಅಡಿ ಮುಟ್ಟಿದರೆ ಬಾಗಿನ, ಹಾರ, ಫೋಟೊ. 1974ರಲ್ಲಿ ಮುಗಿದ, 19.52 ಟಿಎಂಸಿ ಹಿಡಿಯುವ ಈ ಜಲಾಶಯವನ್ನು ನಾವು ಅಳೆಯುತ್ತ ಬಂದಿರುವುದು ಅಡಿ ಮತ್ತು ಟಿಎಂಸಿಯಲ್ಲೇ. ತುಂಬಿದರೆ ಹಬ್ಬ, ಇಳಿದರೆ ತಮಿಳುನಾಡಿನ ಜೊತೆ ಜಗಳ.

ಹಿನ್ನೀರಿನ ಬದುಕು ಮಾತ್ರ ನೀರು ಇಳಿದಾಗಲೇ ಶುರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ಹಸಿ ಮಣ್ಣಿನಲ್ಲಿ ಹುಲ್ಲು ಚಿಗುರುತ್ತದೆ. ಕಾಡೊಳಗೆ ಕೆರೆ ಬತ್ತಿರುತ್ತದೆ, ಲಂಟಾನ ಹಬ್ಬಿ ಮೇವು ಕುಗ್ಗಿರುತ್ತದೆ. ಆಗ ಉತ್ತರದ ನಾಗರಹೊಳೆಯಿಂದಲೂ ದಕ್ಷಿಣದ ಬಂಡೀಪುರದಿಂದಲೂ ಆನೆಗಳು ಹಿಂಡುಹಿಂಡಾಗಿ ಇಲ್ಲಿಗಿಳಿಯುತ್ತವೆ. ಈ ಹುಲ್ಲುಗಾವಲು ಯಾರ ಯೋಜನೆಯೂ ಅಲ್ಲ, ಗದ್ದೆಗೆ ಕಟ್ಟಿದ ಕಟ್ಟೆಯಿಂದ ಕಾಡಿಗೆ ಸಿಕ್ಕ ಕೊಸರು. ಗೇಟು ಕಾವೇರಿ ನೀರಾವರಿ ನಿಗಮದ ಕೈಯಲ್ಲಿ, ದಡ ಅರಣ್ಯ ಇಲಾಖೆಯ ಕೈಯಲ್ಲಿ. ನೀರು ಯಾವಾಗ ಎಷ್ಟು ಬಿಡಬೇಕೆಂಬ ಲೆಕ್ಕದಲ್ಲಿ ಈ ಹುಲ್ಲಿಗೂ ಒಂದು ಕಲಂ ಬೇಕು ಎಂಬುದು ನನ್ನ ಮೊದಲ ತಕರಾರು.

ಎರಡನೆಯದು ಪ್ರವಾಸೋದ್ಯಮದ್ದು. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆ ಹಿನ್ನೀರಿನ ದಡದ ಕಾರಾಪುರದ ಹಳೆಯ ಬೇಟೆ ಬಂಗಲೆಗಳಿಗೆ ಹೊಸ ಕೆಲಸ ಕೊಟ್ಟಿತು. ಹೊಡೆಯಲು ಬರುತ್ತಿದ್ದ ಜಾಗಕ್ಕೆ ಜನ ನೋಡಲು ಬಂದರು. ಇದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಆದರೆ ದೋಣಿಯಲ್ಲಿ ಕೇಳಿಸುವುದು ಒಂದೇ ಮಾತು: "ಹುಲಿ ಕಾಣ್ತಾ?" ಇದೇ ನೀರಿನಡಿ ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ, ಅಂದರೆ ಕಿತ್ತೂರು, ಮಲಗಿದೆ. ಎರಡನೇ ಶತಮಾನದಲ್ಲೇ ಟಾಲೆಮಿ ಬೆರಿಲ್ ರತ್ನ ಸಿಗುವ ಊರೆಂದು ಪುನ್ನಾಟವನ್ನು ಹೆಸರಿಸಿದ್ದ. ಮುಳುಗಿದ್ದರಿಂದಲೇ ಅದು ಕಥೆಯಿಂದಲೂ ಹೊರಗುಳಿಯಬೇಕೇ?

ಇಲ್ಲಿನ ಕಾಕನಕೋಟೆಯಲ್ಲಿ ಆನೆ ಹಿಡಿಯುತ್ತಿದ್ದ ಖೆಡ್ಡಾದ ನೆನಪಾದರೂ ಇನ್ನೂ ಬಿಸಿಯಿದೆ. ಕೊನೆಯದು ನಡೆದದ್ದು 1971ರಲ್ಲಿ. ತಮಟೆ, ಕೂಗು, ಬೆಂಕಿಯಿಂದ ಬೆದರಿಸಿ ಕಾಡಾನೆಗಳನ್ನು ಇದೇ ಹೊಳೆಗೆ ಇಳಿಸುತ್ತಿದ್ದರು. ಆನೆಯ ಜಾಡು ಹಿಡಿದು ಅಟ್ಟುತ್ತಿದ್ದವರಲ್ಲಿ ಕಾಡಿನ ಕುರುಬರೇ ಮುಂದು. ಅವರ ಮೊಮ್ಮಕ್ಕಳು ಈಗ ಕಾಡಂಚಿನ ಹಾಡಿಗಳಲ್ಲಿದ್ದಾರೆ. ಅಟ್ಟಿದ ಆನೆಗಳ ಮೊಮ್ಮಕ್ಕಳು ದಡದಲ್ಲಿ ಮೇಯುತ್ತಿವೆ, ನಾವು ಕ್ಯಾಮೆರಾ ಹಿಡಿದು ನಿಂತಿದ್ದೇವೆ. ಹಾಡಿಯ ಹಿರಿಯರೊಬ್ಬರನ್ನು ದೋಣಿಯ ಮುಂದಿನ ಸೀಟಿನಲ್ಲಿ ಕೂರಿಸಿ, ತಕ್ಕ ಸಂಬಳ ಕೊಟ್ಟು, ಮಾತಾಡಲು ಬಿಟ್ಟರೆ ಹುಲಿ ಕಾಣದ ದಿನವೂ ಟಿಕೆಟ್ಟು ದಂಡವಾಗದು.