ವಾರಸುದಾರರಿಲ್ಲದವರಿಗೆ ಅರಸನೇ ವಾರಸುದಾರ

2022ರಲ್ಲಿ ಎರಡನೇ ಎಲಿಜಬೆತ್ ರಾಣಿ ತೀರಿಕೊಂಡಾಗ ನಮ್ಮ ಟಿ.ವಿ. ವಾಹಿನಿಗಳೂ ಆ ಮೆರವಣಿಗೆಯನ್ನು ಬೆರಗಿನಿಂದ ತೋರಿಸಿದವು. ರಾಣಿಯ ಆಸ್ತಿ ಹೇಗೆ ಕೈಬದಲಾಯಿಸಿತು ಎಂದು ನಾವು ಕೇಳಲಿಲ್ಲ. ಬ್ರಿಟನ್ನಿನಲ್ಲಿ ಸತ್ತವರ ಆಸ್ತಿ 3,25,000 ಪೌಂಡ್ ದಾಟಿದರೆ, ಕೆಲವು ರಿಯಾಯಿತಿಗಳನ್ನು ಬಿಟ್ಟು, ಹೆಚ್ಚಿನ ಮೊತ್ತಕ್ಕೆ ಶೇ. 40 ತೆರಿಗೆ. ಆಳುವವರಿಂದ ಮುಂದೆ ಆಳುವವರಿಗೆ ಹೋಗುವ ಸೊತ್ತಿಗೆ 1993ರ ಒಪ್ಪಂದದಂತೆ ಆ ತೆರಿಗೆ ಇಲ್ಲ.

ಇನ್ನೂ ವಿಚಿತ್ರವಾದುದು ಲ್ಯಾಂಕಾಸ್ಟರ್ ಡಚಿ ಎಂಬ ಜಹಗೀರಿನ ಕಥೆ. ಅದರ ಹಳೆಯ ಎಲ್ಲೆಯೊಳಗೆ ಉಯಿಲು ಬರೆಯದೆ, ಹತ್ತಿರದ ಬಂಧುಗಳೂ ಇಲ್ಲದೆ ಸತ್ತವರ ಹಣ ಈ ಜಹಗೀರಿಗೇ ಸೇರುತ್ತದೆ. ಗಿರಣಿಯಲ್ಲೋ ಗಣಿಯಲ್ಲೋ ದುಡಿದ ಒಂಟಿ ಜೀವದ ಉಳಿತಾಯವೂ ಅದರಲ್ಲಿರಬಹುದು. ಖರ್ಚು ಕಳೆದು ಉಳಿದದ್ದು ದಾನಕ್ಕೆ ಹೋಗುತ್ತದೆಂಬುದು ಅವರ ವಿವರಣೆ. ಆದರೆ ಅರಸನಿಗೆ ಲಾಭ ತರುವ ಬಾಡಿಗೆ ಕಟ್ಟಡಗಳ ದುರಸ್ತಿಗೂ ಈ ಹಣ ಬಳಕೆಯಾಗಿದೆಯೆಂದು 2023ರಲ್ಲಿ ಗಾರ್ಡಿಯನ್ ಪತ್ರಿಕೆ ಬಯಲು ಮಾಡಿತು. ಸತ್ತವನ ಒಪ್ಪಿಗೆ ಕೇಳುವವರಾರು?

ಕ್ರೌನ್ ಎಸ್ಟೇಟಿನ ಲಾಭವನ್ನು ಅರಮನೆ ಖಜಾನೆಗೆ ಬಿಟ್ಟುಕೊಡುತ್ತಿದೆಯಲ್ಲ ಎನ್ನುವವರಿದ್ದಾರೆ. ಅದು ಅರಸನ ಖಾಸಗಿ ಸೊತ್ತಲ್ಲ, ಮಾರುವ ಹಕ್ಕೂ ಅವನಿಗಿಲ್ಲ. ತನ್ನದಲ್ಲದ್ದನ್ನು ಕೊಟ್ಟರೆ ಅದು ಔದಾರ್ಯ ಹೇಗಾದೀತು?

ಹಾಗೆಂದು ನಾವು ಬೀಗುವಂತಿಲ್ಲ. ಮೈಸೂರಿನ ಮಾಜಿ ಅರಸರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಗೊತ್ತಾಗಿತ್ತು, ಅದೂ ಆದಾಯ ತೆರಿಗೆಯಿಲ್ಲದೆ. 1971ರ 26ನೇ ತಿದ್ದುಪಡಿ ಎಲ್ಲ ಮಾಜಿ ಅರಸರ ರಾಜಧನವನ್ನೂ ನಿಲ್ಲಿಸಿತು, ಸರಿ. ಆದರೆ 1985ರಲ್ಲಿ ನಮ್ಮವರು ಸತ್ತವರ ಆಸ್ತಿಯ ಮೇಲಿನ ತೆರಿಗೆಯನ್ನೇ ರದ್ದು ಮಾಡಿದರು. ಚಾರ್ಲ್ಸ್‌ಗೆ ವಿಶೇಷ ಒಪ್ಪಂದದಿಂದ ದಕ್ಕಿದ್ದು ಇಲ್ಲಿ ಕಿರೀಟವಿಲ್ಲದ ಕೋಟ್ಯಧೀಶರ ಮಕ್ಕಳಿಗೆಲ್ಲ ಕಾನೂನಿನಿಂದಲೇ ದಕ್ಕುತ್ತಿದೆ.