ಬಾಡಿ ಎಷ್ಟು ಫುಟ್?

ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿಸಿಕೊಳ್ಳಲು ಸಾಲಾಗಿ ನಿಂತ ಲಾರಿಗಳಲ್ಲಿ ಒಂದರ ಕ್ಯಾಬಿನ್ ಉಳಿದವುಗಳಿಗಿಂತ ಒಂದೂವರೆ ಅಡಿ ಉದ್ದ. ಕೆಳಗೆ ನಿಂತು ನೋಡಿದರೆ ತಿಳಿಯುವುದಿಲ್ಲ, ಬಾಗಿಲು ತೆಗೆದು ಹತ್ತಬೇಕು. ಬೇರೆ ಗಾಡಿಗಳಲ್ಲಿ ಸೀಟಿನ ಬೆನ್ನಿಗೆ ರೆಕ್ಸಿನ್ ಹೊದಿಸಿದ ಒಂದಡಿ ಚಿಲ್ಲರೆ ಅಗಲದ ಹಲಗೆ ಇದ್ದರೆ, ಇದರಲ್ಲಿ ಎರಡೂವರೆ ಅಡಿ ಅಗಲದ ಮಂಚವಿದೆ. ಆಚೆ ಈಚೆ ಒಂದೊಂದು ಸಣ್ಣ ಕಿಟಕಿ, ಅದಕ್ಕೆ ಸೊಳ್ಳೆ ಪರದೆಯ ಬಟ್ಟೆ. ಚಾವಣಿಯ ತಗಡಿಗೂ ಒಳಗಿನ ಪ್ಲೈವುಡ್‌ಗೂ ನಡುವೆ ಥರ್ಮೊಕೋಲ್, ಮೀನಿನ ಪೆಟ್ಟಿಗೆ ಒಡೆದು ತೆಗೆದದ್ದು. ತಲೆದಿಂಬಿನ ಹತ್ತಿರ ಬ್ಯಾಟರಿಯಿಂದ ಓಡುವ ಪುಟ್ಟ ಫ್ಯಾನು.

ಗಾಡಿ ನನ್ನ ಚಿಕ್ಕಮ್ಮನ ಮಗನದು. ಅವನೇ ಓನರ್, ಅವನೇ ಡ್ರೈವರ್. ಹತ್ತು ವರ್ಷದ ಹಿಂದೆ ಬರೀ ಚಾಸಿಸ್ ಕೊಂಡು ಬಾಡಿ ಕಟ್ಟಿಸುವಾಗ ಮೇಸ್ತ್ರಿಯ ಎದುರು ನಿಂತು ಕಟ್ಟಿಸಿದ ಕ್ಯಾಬಿನ್ ಇದು. ಹತ್ತೊಂಬತ್ತು ಅಡಿ ಆಗಬೇಕಿದ್ದ ಬಾಡಿ ಹದಿನೇಳೂವರೆಗೆ ಇಳಿಯಿತು. ಗಾಡಿ ರಿಜಿಸ್ಟರ್ ಆದದ್ದೂ ಹಾಗೆಯೇ.

ಮನೆಯನ್ನೋ ನಾಟಕವನ್ನೋ ವಿಮರ್ಶಿಸುವಷ್ಟೇ ಗಂಭೀರವಾಗಿ ಲಾರಿಯ ಕ್ಯಾಬಿನನ್ನೂ ವಿಮರ್ಶಿಸಬೇಕು ಎಂದು ನಂಬಿದವನು ನಾನು. ಒಬ್ಬ ಮನುಷ್ಯ ತಿಂಗಳಲ್ಲಿ ಇಪ್ಪತ್ತು ರಾತ್ರಿ ಮಲಗುವ ಕೋಣೆ ಅದು. ಕರಾವಳಿಯ ಸೆಖೆಗೆ ಎದುರುಬದುರು ಕಿಟಕಿ ಇಟ್ಟದ್ದು ಈ ಕ್ಯಾಬಿನ್ನಿನ ದೊಡ್ಡ ಗುಣ. ಮರವಂತೆಯಲ್ಲಿ ಗಾಡಿ ನಿಲ್ಲಿಸಿದರೆ ಕಡಲ ಗಾಳಿ ಒಂದು ಕಿಟಕಿಯಿಂದ ಬಂದು ಸೌಪರ್ಣಿಕೆಯ ಕಡೆಯ ಕಿಟಕಿಯಿಂದ ಹೊರಗೆ ಹೋಗುತ್ತದೆ. ದೋಷವೂ ಇದೆ. ಇಂಜಿನ್ನಿನ ಕಾವು ತಡೆಯಲು ನೆಲಕ್ಕೆ ಏನೂ ಹಾಕಿಲ್ಲ. ಬಂದ್ ಮಾಡಿದ ಮೇಲೂ ಒಂದು ಗಂಟೆ ಮಂಚದ ಅಡಿ ಬಿಸಿ. ಅದಕ್ಕಿಂತ ದೊಡ್ಡ ದೋಷ, ಕ್ಲೀನರನನ್ನು ಮರೆತದ್ದು. ಅವನು ಈಗಲೂ ಬಾನೆಟ್ಟಿನ ಮೇಲೆ ಗೋಣಿ ಹಾಸಿ ಮುದುಡಿಕೊಳ್ಳುತ್ತಾನೆ. ಇದನ್ನು ಚಿಕ್ಕಮ್ಮನ ಮಗನಿಗೇ ಹೇಳಿದ್ದೇನೆ, ಒಪ್ಪಿಕೊಂಡಿದ್ದಾನೆ.

ಆದರೆ ಈ ಮಂಚಕ್ಕೆ ಅವನು ತೆತ್ತ ಬೆಲೆ ಮೇಸ್ತ್ರಿಯ ಬಿಲ್ಲಿನಲ್ಲಿ ಇರಲಿಲ್ಲ. ಒಂದೇ ಗಾಡಿ ಇಟ್ಟುಕೊಂಡವನಿಗೆ ಲೋಡು ಬೇಕಾದರೆ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಅಟ್ಯಾಚ್ ಮಾಡಬೇಕು, ಇಲ್ಲವೇ ಬ್ರೋಕರಿಗೆ ಫೋನ್ ಹಚ್ಚಬೇಕು. ಅಲ್ಲಿ ಕೇಳುವುದು ಎರಡೇ: ಬಾಡಿ ಎಷ್ಟು ಫುಟ್, ಪಾಸಿಂಗ್ ಎಷ್ಟು ಟನ್? ಹದಿನೇಳು, ಹತ್ತೊಂಬತ್ತು, ಇಪ್ಪತ್ತೆರಡು ಎಂಬ ಲೆಕ್ಕಕ್ಕೆ ಅವರ ಕಿವಿ ಒಗ್ಗಿಹೋಗಿದೆ. ಹದಿನೇಳೂವರೆ ಎಂದರೆ ಒಂದೋ ಹದಿನೇಳರ ಬಾಡಿಗೆ ಕೊಡುತ್ತಾರೆ, ಇಲ್ಲ ಫೋನ್ ಇಡುತ್ತಾರೆ. ಒಂದು ಆಫೀಸಿನವರು ಗಾಡಿ ಚೆನ್ನಾಗಿದೆ ಎಂದು ಹೊಗಳಿ, ಕ್ಯಾಬಿನ್ ಕಡಿದು ಬಾಡಿ ಉದ್ದ ಮಾಡಿಸಿಕೊಂಡು ಬಾ ಎಂದರಂತೆ. ರಿಜಿಸ್ಟರ್ ಆದ ಗಾಡಿಯನ್ನು ಹಾಗೆ ತಿದ್ದುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಅದಕ್ಕೆ ಅಡ್ಡ ಇದೆ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಬಿಗಿಯಾಗಿ ಹೇಳಿದೆ.

ತಪ್ಪೆಲ್ಲ ಆಫೀಸಿನವರದೇ ಎನ್ನಲು ನನಗೆ ಮನಸ್ಸಿಲ್ಲ. ಅವರ ಅಡಿಲೆಕ್ಕದ ಹಿಂದೆ ಕಾನೂನಿನ ಅಡಿಲೆಕ್ಕವೂ ಇದೆ. ನಮ್ಮಲ್ಲಿ ಇಡೀ ಲಾರಿ, ಮೂತಿಯಿಂದ ಬಾಲದವರೆಗೆ, 12 ಮೀಟರ್ ಮೀರುವಂತಿಲ್ಲ. ಅಂದರೆ 39 ಅಡಿ ಚಿಲ್ಲರೆ. ಹೆದ್ದಾರಿ 66ರಲ್ಲಿ ಸಾಸ್ತಾನದ ಟೋಲ್ ದಾಟಿ ಬರುವ 32 ಅಡಿಯ ಕಂಟೇನರ್ ಲಾರಿಯನ್ನು ನೋಡಿ. ಬಾಡಿ ಕಳೆದರೆ ಉಳಿಯುವುದು ಏಳಡಿ. ಸ್ಟೀರಿಂಗು, ಸೀಟು, ಇಂಜಿನ್ನು, ನಿದ್ದೆ, ಎಲ್ಲವೂ ಆ ಏಳಡಿಯೊಳಗೆ. ಸಣ್ಣ ಗಾಡಿಗಳಲ್ಲೂ ಚಾಸಿಸ್ ಉದ್ದ ಮೊದಲೇ ನಿಗದಿ, ಹಿಂದಕ್ಕೆ ಎಷ್ಟು ಚಾಚಬಹುದು ಎನ್ನುವುದಕ್ಕೂ ಮಿತಿ. ಡ್ರೈವರಿಗೆ ಕೊಟ್ಟ ಪ್ರತಿ ಅಡಿಯೂ ಸರಕಿನಿಂದ ಕಿತ್ತದ್ದೇ.

ಅಮೆರಿಕದಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. 1982ರಲ್ಲಿ ಅಲ್ಲಿನ ಕೇಂದ್ರ ಕಾನೂನು, ದೊಡ್ಡ ಹೆದ್ದಾರಿಗಳಲ್ಲಿ ಟ್ರೈಲರಿನ ಉದ್ದ ಮಾತ್ರ ಅಳೆಯಿರಿ, ಮುಂದಿನ ಎಳೆಗಾಡಿಯದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದಿತು. ಅಲ್ಲಿಂದ ಕ್ಯಾಬಿನ್ ಬೆಳೆಯುತ್ತ ಹೋಯಿತು. ಮಲಗುವ ಜಾಗ ಕನಿಷ್ಠ 75 ಇಂಚು ಉದ್ದ, 24 ಇಂಚು ಅಗಲ ಇರಬೇಕೆಂಬ ನಿಯಮ ಮೊದಲೇ ಇತ್ತು. ಈಗ ಸ್ವಂತ ಗಾಡಿಯವರು ಅಡಿಗೆಮನೆ, ಬಚ್ಚಲು ಸಮೇತ ಹತ್ತು ಹನ್ನೆರಡು ಅಡಿಯ ಕೋಣೆ ಕಟ್ಟಿಸಿಕೊಳ್ಳುತ್ತಾರೆ. ಆದರೆ ಅಲ್ಲಿಯೂ ಅಂಥ ಗಾಡಿಯನ್ನು ಎಲ್ಲ ಕಂಪನಿಗಳೂ ತೆಗೆದುಕೊಳ್ಳುವುದಿಲ್ಲ. ಉದ್ದಕ್ಕೆ ತಡೆ ಇಲ್ಲದಿದ್ದರೂ ಒಟ್ಟು ತೂಕ 80,000 ಪೌಂಡ್, ಸುಮಾರು 36 ಟನ್, ಮೀರುವಂತಿಲ್ಲ. ಕೋಣೆ ಭಾರವಾದಷ್ಟೂ ಸರಕು ಕಡಿಮೆ. ಹಾಗಾಗಿ ಮನೆ ಸಾಮಾನು, ತುರ್ತು ಸರಕು ಮುಂತಾದ ಹಗುರ ಲೋಡಿನವರಲ್ಲಿ ಅಂಥ ಗಾಡಿಗಳಿಗೆ ಜಾಗ ಸುಲಭ.

ನಮ್ಮಲ್ಲಿ ಇದು ತಿರುವುಮುರುವು. ಇಲ್ಲಿ ಬಿಗಿ ಇರುವುದು ಉದ್ದಕ್ಕೆ. ಹಾಗಾದರೆ ಉದ್ದದ ಕ್ಯಾಬಿನ್ ಭಾರದ ಸರಕಿಗೇ ಸರಿ ಹೊಂದಬೇಕು. ಕುಂದಾಪುರದ ಹೆಂಚನ್ನೇ ತೆಗೆದುಕೊಳ್ಳಿ. ಆರು ಚಕ್ರದ ಲಾರಿಯ ಒಟ್ಟು ತೂಕ 2018ರ ಜುಲೈಯಲ್ಲಿ 16.2 ಟನ್‌ನಿಂದ 18.5ಕ್ಕೆ ಏರಿತು, ಏರಿದ ಮೇಲೂ ಹೆಂಚು ತುಂಬಿದರೆ ಬಾಡಿ ತುಂಬುವ ಮೊದಲೇ ಟನ್ ಮುಗಿಯುತ್ತದೆ. ಐಸು ಹಾಕಿದ ಮೀನೂ ಹಾಗೆಯೇ. ಬಾಡಿಯಲ್ಲಿ ಖಾಲಿ ಉಳಿಯುವ ಒಂದೂವರೆ ಅಡಿ ಮಂಚಕ್ಕೆ ಹೋದರೆ ಯಾರಿಗೆ ನಷ್ಟ? ಖಾಲಿ ಕ್ರೇಟು, ತೆಂಗಿನ ನಾರು ಹೇರುವವರು ಅಡಿ ಕೇಳಲಿ, ಅದು ನ್ಯಾಯ. ಹೆಂಚು ಹೇರುವವರೂ ಅಡಿಯನ್ನೇ ಮೊದಲು ಕೇಳುವುದು ಬರೀ ರೂಢಿ, ಮತ್ತು ಆ ರೂಢಿ ಒಬ್ಬನ ನಿದ್ದೆ ಕೆಡಿಸುತ್ತಿದೆ. ಉದ್ದದ ಕ್ಯಾಬಿನ್ನಿಗೆ ಒಂದಿಷ್ಟು ಖಾಲಿ ತೂಕ ಹೆಚ್ಚುತ್ತದೆ, ಭಾರ ಹಿಂದಿನ ಆಕ್ಸಲ್ ಮೇಲೆ ಅತಿಯಾಗಿ ಬೀಳದ ಹಾಗೆ ಲೋಡು ಮುಂದಕ್ಕೆ ಒತ್ತಿ ಜೋಡಿಸಬೇಕಾಗುತ್ತದೆ, ಇದು ನಿಜ. ಲೋಡು ಮಾಡುವವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ ಅದು.

ಹೆದ್ದಾರಿ 66ರಲ್ಲಿ ನಿದ್ದೆಗೆಟ್ಟು ಗಾಡಿ ಬಿಟ್ಟರೆ ಏನಾಗುತ್ತದೆ ಎಂದು ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೊಸಂಗಡಿ ದಾಟಿ ಹುಲಿಕಲ್ ಘಾಟಿ ಹತ್ತುವ ಲಾರಿಯವನಿಗಂತೂ ಒಂದು ರೆಪ್ಪೆ ಮುಚ್ಚುವಷ್ಟು ಸಡಿಲವೂ ಇಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆಯ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದಿತು. ಆದರೆ ಅದು ಐದು ಮತ್ತು ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ತನ್ನ ಗಾಡಿಯನ್ನು ತಾನೇ ಓಡಿಸುವವನು ಅದರ ಹೊರಗೇ ಉಳಿದ.

2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್‌ಗಿಂತ ಮೇಲಿನ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಒಳ್ಳೆಯದಾಯಿತು. ಮೇ ತಿಂಗಳ ಮಧ್ಯಾಹ್ನ ಶಿರೂರಿನಿಂದ ಕೋಟದವರೆಗೆ ಲಾರಿಯಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು. ಆದರೆ ಇಂಜಿನ್ ಬಂದ್ ಮಾಡಿದರೆ ಎ.ಸಿ.ಯೂ ಬಂದ್, ರಾತ್ರಿಯಿಡೀ ಡೀಸೆಲ್ ಉರಿಸಿ ಮಲಗಲು ಯಾವ ಬಾಡಿಗೆಯೂ ಗಿಟ್ಟುವುದಿಲ್ಲ. ದುಡಿಯುವ ಹೊತ್ತಿಗೆ ತಂಪು ಸಿಕ್ಕಿತು, ಮಲಗುವ ಹೊತ್ತಿಗೆ ಸಿಗಲಿಲ್ಲ.

ಚಿಕ್ಕಮ್ಮನ ಮಗ ಅತಿ ಸುಖವಾಗಿ ನಿದ್ದೆ ಮಾಡಿದ್ದು ಕೊಂಕಣ ರೈಲಿನ ರೋ-ರೋದಲ್ಲಂತೆ. 1999ರಲ್ಲಿ ಕೋಲಾಡ್–ವೆರ್ಣಾ ನಡುವೆ ಶುರುವಾಗಿ 2004ರಲ್ಲಿ ಸುರತ್ಕಲ್ಲಿಗೆ ಬಂದ ಸೇವೆ. ಲಾರಿಯನ್ನೇ ವ್ಯಾಗನ್ ಮೇಲೆ ಹತ್ತಿಸುತ್ತಾರೆ, ಡ್ರೈವರು ಕ್ಯಾಬಿನ್ನಿನಲ್ಲೇ ಇರುತ್ತಾನೆ. ಮಂಗಳೂರಿನಲ್ಲಿ ತುಂಬಿದ ಲೋಡಿನೊಂದಿಗೆ ಮಹಾರಾಷ್ಟ್ರಕ್ಕೆ ಹೋದ ಆ ರಾತ್ರಿ ಬಾರ್ಕೂರು, ಕುಂದಾಪುರ, ಬಿಜೂರು ಎಲ್ಲ ದಾಟಿದ್ದೇ ಅವನಿಗೆ ತಿಳಿಯಲಿಲ್ಲ. ಬಾಳಂತಿ ಹೆಂಡತಿ ಇದ್ದ ಊರನ್ನೂ ನಿದ್ದೆಯಲ್ಲೇ ದಾಟಿದ. “ಮನಿಯಗೆ ಮನಿಕಂಡ್ರೂ ಅಷ್ಟ್ ಒಳ್ಳೆ ನಿದ್ರೆ ಬತ್ತಿಲ್ಲೆ, ಅಣ್ಣಾ” ಎಂದ.

ಈಗ ಗಂಗೊಳ್ಳಿಯ ಒಬ್ಬ ಮೀನಿನ ಏಜೆಂಟರು ಅವನ ಗಾಡಿಯನ್ನು ಟನ್ ಲೆಕ್ಕಕ್ಕೆ ಕರೆಯುತ್ತಾರೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಬೋಟುಗಳು ಕಡಲಿಗಿಳಿಯದ 61 ದಿನ, ಅವರಲ್ಲೂ ಲೋಡಿಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ. ಕಳೆದ ಮಳೆಗಾಲದಲ್ಲಿ ನಾನು ಅವನ ಮನೆಗೆ ಹೋದಾಗ ಜಗಲಿಯಲ್ಲಿ ಕೂತು ಟ್ರಾನ್ಸ್‌ಪೋರ್ಟ್ ಆಫೀಸೊಂದಕ್ಕೆ ಫೋನ್ ಹಚ್ಚಿದ್ದ. ಆ ಕಡೆಯವರು ಕೇಳಿದ್ದು ನನಗೆ ಕೇಳಿಸಲಿಲ್ಲ, ಇವನು ಹೇಳಿದ್ದು ಕೇಳಿಸಿತು.

“ಹದ್ನೇಳೂವರಿ ಹ್ವಾಯ್. ಆರೆ ಟನ್ ಪೂರಾ ಹಿಡಿತ್ತ್, ಕಾಣಿ.”