ಹಡಗು ಸುಟ್ಟ ಮೇಲಿನ ಕರುಣೆ

ಕ್ರೂರಿಯಾದ ದಾಳಿಕೋರ ಕರುಣಾಳುವಾಗಿದ್ದರೆ ಚರಿತ್ರೆ ಯಾವ ದಾರಿ ಹಿಡಿಯುತ್ತಿತ್ತು ಎಂದು ಊಹಿಸುವ ಕೃತಿಗಳ ಮಾತು ಬಂದಾಗಲೆಲ್ಲ ಆರ್ಸನ್ ಸ್ಕಾಟ್ ಕಾರ್ಡ್ ಅವರ ‘ಪಾಸ್ಟ್‌ವಾಚ್’ ಹೆಸರು ಕೇಳಿಬರುತ್ತದೆ. 1996ರಲ್ಲಿ ಬಂದ ಈ ಕಾದಂಬರಿಯ ಉಪಶೀರ್ಷಿಕೆಯಲ್ಲೇ ಕ್ರಿಸ್ಟೋಫರ್ ಕೊಲಂಬಸನ ಉದ್ಧಾರದ ಭರವಸೆಯಿದೆ. ಇದನ್ನು ಮೆಚ್ಚುವವರು ಇದರ ನೈತಿಕ ಧೈರ್ಯವನ್ನು ಕೊಂಡಾಡುತ್ತಾರೆ. ಆ ಧೈರ್ಯ ಕಾದಂಬರಿಯ ಮೊದಲ ಭಾಗದಲ್ಲಿ ಇರುವುದು ನಿಜ. ಅದು ಅತ್ಯಂತ ಅಗತ್ಯವಾಗಿದ್ದ ಜಾಗದಲ್ಲಿ ಮಾತ್ರ ಕೈಕೊಟ್ಟಿದೆ.

ಕಥೆ ಗೊತ್ತಿರುವಂಥದ್ದೇ. ಹಾಳಾದ ಭೂಮಿಯ ಭವಿಷ್ಯದಲ್ಲಿ ಕುಳಿತು ಗತಕಾಲವನ್ನು ನೋಡಬಲ್ಲ ಸಂಶೋಧಕರು 1492ರ ಸುತ್ತಮುತ್ತಲಿನ ಕಾಲಕ್ಕೆ ಮೂವರನ್ನು ಕಳಿಸುತ್ತಾರೆ. ಹುನಾಪು ಮಧ್ಯ ಅಮೆರಿಕಕ್ಕೆ ಹೋಗಿ ಅಲ್ಲಿನ ಜನರನ್ನು ಒಗ್ಗೂಡಿಸುತ್ತಾನೆ. ಕೆಮಾಲ್ ಕೊಲಂಬಸನ ಹಡಗುಗಳನ್ನು ನಾಶಮಾಡಿ ಪ್ರಾಣ ಬಿಡುತ್ತಾನೆ. ದಿಕೋ ಎಂಬ ಹೆಣ್ಣು ಹೈಟಿಯ ಹಳ್ಳಿಯೊಂದರಲ್ಲಿ ನೆಲೆಸಿ, ದಿಕ್ಕೆಟ್ಟ ಕೊಲಂಬಸನ ಮನಸ್ಸನ್ನು ತಿರುಗಿಸುತ್ತಾಳೆ. ದಶಕಗಳು ಕಳೆದ ಮೇಲೆ ಅವನು ಅಮೆರಿಕದವರ ದೊಡ್ಡ ಹಡಗುಪಡೆಯ ಜೊತೆ ಯುರೋಪಿಗೆ ಮರಳುತ್ತಾನೆ. ಜಿನೋವಾದ ನೇಕಾರನ ಮಗನಾಗಿ ಬೆಳೆಯುವ ಹುಡುಗನ ಅಧ್ಯಾಯಗಳು ಸೊಗಸಾಗಿವೆ; ಅವುಗಳ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಮನಪರಿವರ್ತನೆಯ ಘಟ್ಟದ ಬಗ್ಗೆ. ಅಲ್ಲಿ ಘಟನೆಗಳು ಯಾವ ಅನುಕ್ರಮದಲ್ಲಿ ಬರುತ್ತವೆ ನೋಡಿ. ಮೊದಲು ಹಡಗುಗಳು ಹೋಗುತ್ತವೆ. ಹಡಗಿನ ಜೊತೆ ಸ್ಪೇನ್ ಹೋಗುತ್ತದೆ, ರಾಜ–ರಾಣಿಯರ ಒತ್ತಡ ಹೋಗುತ್ತದೆ, ಬಂಗಾರ ತಂದುಕೊಡುತ್ತೇನೆಂದು ಕೊಟ್ಟ ಮಾತೂ ಹೋಗುತ್ತದೆ. ಇದಕ್ಕೆ ಮುಂಚೆಯೇ ಕಾಲಯಾತ್ರಿಗಳು ತಮ್ಮ ಮೈಯಲ್ಲಿ ಹೊತ್ತು ತಂದ ವೈರಸ್ ಸ್ಥಳೀಯರಿಗೆ ಯುರೋಪಿನ ರೋಗಗಳನ್ನು ತಡೆಯುವ ಶಕ್ತಿ ಕೊಟ್ಟಿರುತ್ತದೆ. ಇಷ್ಟೆಲ್ಲ ಆದ ಮೇಲೆ, ಬೇರೆ ಗತಿಯಿಲ್ಲದ ಮನುಷ್ಯ ತನಗೆ ಅನ್ನ ಕೊಡುವವರನ್ನು ಪ್ರೀತಿಸಲು ಕಲಿಯುತ್ತಾನೆ. ಓದುವವರ ಕಣ್ಣು ತೇವವಾಗುವಂತೆ ಕಾರ್ಡ್ ಇದನ್ನು ಬರೆದಿದ್ದಾರೆ. ಆದರೆ ಚರಿತ್ರೆಯನ್ನು ಬದಲಿಸಿದ್ದು ಬೆಂಕಿ ಮತ್ತು ವೈರಸ್. ಕೀರ್ತಿ ಮಾತ್ರ ಕರುಣೆಯ ಹೆಸರಿಗೆ ಜಮೆಯಾಗಿದೆ.

ನಿಜವಾದ ಕೊಲಂಬಸ್ ಎದುರಿಸಿದ ಪರೀಕ್ಷೆ ಬೇರೆ ಬಗೆಯದು. ಬೇಟೆಯ ಗಿಡುಗದ ಕಾಲಿಗೆ ಕಟ್ಟುವ ಪುಟ್ಟ ಗೆಜ್ಜೆಯ ಕಥೆ ಅದನ್ನು ತೋರಿಸುತ್ತದೆ. 1492ರ ಅಕ್ಟೋಬರಿನಲ್ಲಿ ದಡ ಮುಟ್ಟಿದ ಅವನು ಅಲ್ಲಿನ ಮೂಲನಿವಾಸಿಗಳಾದ ಟೈನೊ ಜನರಿಗೆ ಗಾಜಿನ ಮಣಿಗಳ ಜೊತೆ ಈ ಗೆಜ್ಜೆಗಳನ್ನು ಹಂಚಿದ. ಅದರ ಸದ್ದಿಗೆ ಅವರು ಮರುಳಾದರು. ಮೂರು ವರ್ಷ ತುಂಬುವ ಹೊತ್ತಿಗೆ ಅದೇ ಗೆಜ್ಜೆ ಕಂದಾಯದ ಅಳತೆಯಾಗಿತ್ತು. ಬಂಗಾರ ಸಿಗುವ ಸಿಬಾವೊ ಸೀಮೆಯಲ್ಲಿ 14 ವರ್ಷ ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಗೆಜ್ಜೆಯ ತುಂಬ ಬಂಗಾರದ ಪುಡಿ ಒಪ್ಪಿಸಬೇಕಿತ್ತು. ಕೊಟ್ಟವರ ಕೊರಳಿಗೆ ಗುರುತಿನ ಬಿಲ್ಲೆ, ಇಲ್ಲದವರಿಗೆ ಶಿಕ್ಷೆ. ಅಷ್ಟು ಬಂಗಾರ ಆ ಹೊಳೆಗಳಲ್ಲಿ ಇರಲೇ ಇಲ್ಲ. ಎರಡನೆಯ ಯಾನಕ್ಕೆ 17 ಹಡಗು, ಸಾವಿರಕ್ಕೂ ಹೆಚ್ಚು ಜನ. ಆ ಖರ್ಚು ಎಲ್ಲಿಂದಲಾದರೂ ಹುಟ್ಟಬೇಕಿತ್ತು. 1495ರ ಫೆಬ್ರವರಿಯಲ್ಲಿ ಸುಮಾರು 550 ಟೈನೊಗಳನ್ನು ಗುಲಾಮರಾಗಿ ಸ್ಪೇನಿಗೆ ಸಾಗಿಸಲಾಯಿತು. ಸುಮಾರು 200 ಮಂದಿ ದಾರಿಯಲ್ಲೇ ಸತ್ತರು, ಹೆಣಗಳು ಸಮುದ್ರದ ಪಾಲಾದವು. ಗೆಜ್ಜೆ ಕೊಟ್ಟ ಕೈ ಮತ್ತು ಗೆಜ್ಜೆಯಲ್ಲಿ ಅಳೆದ ಕೈ ಒಂದೇ. ಸಿಗುವ ಒಟ್ಟು ಸಂಪತ್ತಿನಲ್ಲಿ ಹತ್ತನೆಯ ಒಂದು ಪಾಲು ತನಗೆಂದು 1492ರ ಏಪ್ರಿಲ್‌ನಲ್ಲಿ ಸಾಂತಾ ಫೆಯಲ್ಲಿ ಕರಾರು ಮಾಡಿಸಿಕೊಂಡ ಕೈಯೂ ಅದೇ.

ಇಲ್ಲಿ ಎರಡು ಬಗೆಯ ವಿಮರ್ಶಕರು ಅಡ್ಡ ಬರುತ್ತಾರೆ. ಅದು ಕಾಲಧರ್ಮ, ಇಂದಿನ ನೀತಿಯನ್ನು ಅಂದಿನವರ ಮೇಲೆ ಹೇರಬಾರದು ಎನ್ನುವವರು ಮೊದಲಿನವರು. ದಾಖಲೆಗಳು ಅವರ ಪರವಾಗಿಲ್ಲ. 1495ರಲ್ಲಿ ಬಂದಿಳಿದ ಗುಲಾಮರ ಮಾರಾಟಕ್ಕೆ ಒಪ್ಪಿದ ದೊರೆಗಳು ಕೆಲವೇ ದಿನಗಳಲ್ಲಿ, ಇದು ಧರ್ಮಸಮ್ಮತವೇ ಎಂದು ಪಂಡಿತರನ್ನು ಕೇಳಬೇಕೆಂದು ಅದನ್ನು ತಡೆದರು. 1511ರ ಡಿಸೆಂಬರಿನಲ್ಲಿ ಸಾಂತೊ ಡೊಮಿಂಗೊದ ಚರ್ಚಿನಲ್ಲಿ ನಿಂತ ಪಾದ್ರಿ ಮಾಂಟೆಸಿನೋಸ್, ಎದುರಿಗೆ ಕುಳಿತ ವಸಾಹತುಗಾರರ ಮುಖಕ್ಕೇ ಅವರ ಪಾಪವನ್ನು ಹೇಳಿದ. ಅನ್ಯಾಯವನ್ನು ಅನ್ಯಾಯವೆಂದು ಗುರುತಿಸುವ ಬುದ್ಧಿ ಆ ಕಾಲಕ್ಕೂ ಇತ್ತು.

ಎರಡನೆಯ ಗುಂಪಿನದು ಇನ್ನೂ ಗಟ್ಟಿ ವಾದ. ಕೊಂದದ್ದು ರೋಗ, ಹಾಗಾಗಿ ಕೊಲಂಬಸ್ ಸಂತನಾಗಿದ್ದರೂ ಫಲಿತಾಂಶ ಅದೇ ಎನ್ನುತ್ತಾರೆ ಅವರು. ಮೆಕ್ಸಿಕೊದ ವಿಷಯದಲ್ಲಿ ಈ ಮಾತಿಗೆ ಬಲವಿದೆ. ಆದರೆ ಸಿಬಾವೊ ಇರುವ ಹಿಸ್ಪನಿಯೋಲ ದ್ವೀಪದಲ್ಲಿ ಸಿಡುಬಿನ ಮಹಾಮಾರಿ ದಾಖಲಾಗುವುದು 1518ರ ಕೊನೆಯಲ್ಲಿ. ಬೇರೆ ಜ್ವರಗಳು ಅದಕ್ಕೂ ಮುಂಚೆ ಬಂದಿರಬಹುದು. ಆದರೆ 1514ರಲ್ಲಿ ವಸಾಹತುಗಾರರಿಗೆ ಹಂಚಲೆಂದು ಎಣಿಸಿದಾಗಲೇ ದ್ವೀಪದಲ್ಲಿ ಉಳಿದಿದ್ದ ಟೈನೊಗಳು ಸುಮಾರು 26,000. ಗಣಿಯ ದುಡಿಮೆ, ಬಿತ್ತದೆ ಉಳಿದ ಹೊಲ, ಹಸಿವು, ಕಾಡಿಗೆ ಓಟ, ಇವೆಲ್ಲ ಸಿಡುಬಿಗೆ ಮೊದಲೇ ನಡೆದವು. ಕರುಣೆಗೆ ಕೆಲಸವಿದ್ದ ಅವಧಿ ಕಾಲು ಶತಮಾನದಷ್ಟಿತ್ತು. ಅದನ್ನು ಸೊನ್ನೆಗಿಳಿಸುವ ವಿಮರ್ಶಕರೂ, ವೈರಸ್ಸಿನ ಚೀಲ ಬಿಚ್ಚಿ ಅದನ್ನು ಹಾರಿಹೋಗುವ ಕಾದಂಬರಿಕಾರರೂ ಒಂದೇ ತಪ್ಪು ಮಾಡುತ್ತಿದ್ದಾರೆ.

ಫ್ರೆಂಚ್ ಲೇಖಕ ಲೊರಾಂ ಬಿನೆ 2019ರ ‘ಸಿವಿಲೈಜೇಷನ್ಸ್’ನಲ್ಲಿ ಹೆಚ್ಚು ಪ್ರಾಮಾಣಿಕರಾಗಿದ್ದಾರೆ. ಅವರು ಕೊಲಂಬಸನ ಎದೆಗೆ ಕೈಹಾಕುವುದೇ ಇಲ್ಲ. ಶತಮಾನಗಳ ಹಿಂದೆ ವೈಕಿಂಗರ ಜೊತೆ ಕಬ್ಬಿಣ, ಕುದುರೆ, ರೋಗ ಎಲ್ಲವೂ ಅಮೆರಿಕಕ್ಕೆ ಬಂದುಹೋದ್ದರಿಂದ ಅಲ್ಲಿಯ ಜನ ಅವನಿಗೆ ಸೋಲುವುದಿಲ್ಲ. ಬದಲಾದದ್ದು ಏನೆಂದು ಅವರು ಮುಚ್ಚಿಡದೆ ಹೇಳುತ್ತಾರೆ.

ಕಾರ್ಡ್ ಬರೆಯಬೇಕಿದ್ದ ಕಾದಂಬರಿಯಲ್ಲಿ ಹಡಗುಗಳು ಸುಡಬಾರದಿತ್ತು. 1495ರ ಫೆಬ್ರವರಿ, ದಡದಲ್ಲಿ ಹಡಗುಗಳು ಸಜ್ಜಾಗಿವೆ, ಹಿಡಿದು ತಂದ ಜನ ನಿಂತಿದ್ದಾರೆ, ಸ್ಪೇನಿನಲ್ಲಿ ಲಾಭ ಎಲ್ಲಿ ಎಂದು ಕೇಳುತ್ತಿದ್ದಾರೆ, ಕೊಲಂಬಸ್ ಬೇಡವೆನ್ನುತ್ತಾನೆ. ಮುಂದೇನು? 1500ರಲ್ಲಿ ಸ್ಪೇನಿನ ದೊರೆಗಳು ಕಳಿಸಿದ ಅಧಿಕಾರಿ ಬೊಬಾಡಿಯ ಅವನಿಗೆ ಬೇಡಿ ತೊಡಿಸಿ ಕಳಿಸಿದ್ದು ಚರಿತ್ರೆ. ಈ ಕೊಲಂಬಸನಿಗೆ ಆ ಬೇಡಿ ನಾಲ್ಕು ವರ್ಷ ಮುಂಚೆಯೇ ಬೀಳುತ್ತಿತ್ತೇ? 1503ರಲ್ಲಿ ಹಾರಾಗುವಾದಲ್ಲಿ ಟೈನೊ ನಾಯಕರನ್ನು ಸುಡಿಸಿ, ರಾಣಿ ಅನಕಾವೋನಳನ್ನು ಗಲ್ಲಿಗೇರಿಸಿದ ಒವಾಂಡೊನಂಥ ಗವರ್ನರ್ ಅಷ್ಟು ಬೇಗ ಬಂದಿಳಿಯುತ್ತಿದ್ದನೇ? ಅಥವಾ ಒಬ್ಬ ಅಡ್ಮಿರಲ್‌ನ ನಿರಾಕರಣೆ, ಆಗಲೇ ಅಳುಕುತ್ತಿದ್ದ ರಾಣಿ ಇಸಾಬೆಲ್ಲಳ ಕೈಗೆ ಕಾನೂನಿನ ಅಸ್ತ್ರವಾಗಿ, ಮೂಲನಿವಾಸಿಗಳ ರಕ್ಷಣೆಗೆಂದು ಬಂದ 1512ರ ಬುರ್ಗೋಸ್ ಕಾಯಿದೆಗಿಂತ ಗಟ್ಟಿಯಾದದ್ದೊಂದು ಒಂದೂವರೆ ದಶಕ ಮೊದಲೇ ಬರುತ್ತಿತ್ತೇ? ಇವನ್ನು ಕೇಳುವುದಕ್ಕೆ ಬೇಕಾದ ಓದು, ಕಸುಬು ಎರಡೂ ಕಾರ್ಡ್ ಅವರಲ್ಲಿದ್ದವು. ಅವರು ಕೆಮಾಲನ ಕೈಗೆ ಸಿಡಿಮದ್ದು ಕೊಟ್ಟು ಆ ಪ್ರಶ್ನೆಗಳಿಂದ ಪಾರಾದರು.